ಹೊಳೆಯಾಚೆಯ ವಿಳಾಸ

ಮಾರ್ಚ್ 4, ಮಂಗಳವಾರ

ಈ ಡೈರಿ ಶವಸಂಸ್ಕಾರದ ಅಂಗಡಿಯವರು ಕೊಟ್ಟದ್ದು. ವರ್ಷವರ್ಷವೂ ಕೌಂಟಿಯ ಮನೆಮನೆಗೆ ಬಿಟ್ಟಿ ಹಂಚುತ್ತಾರೆ. ಗಟ್ಟಿ ಪ್ಲಾಸ್ಟಿಕ್ ರಟ್ಟು, ಅದರ ಮೇಲೆ ಅವರದೇ ಫೋನ್ ನಂಬರು, ದಪ್ಪ ಅಕ್ಷರದಲ್ಲಿ. ಮುಂದಿನ ಗಿರಾಕಿಯನ್ನು ಮರೆಯದ ಜನ. ಇಷ್ಟು ವರ್ಷ ಇದರ ಹಾಳೆ ಹರಿದು ಒಲೆ ಹೊತ್ತಿಸಿದ್ದೇನೆ. ಇವತ್ತು ಬರೆಯಲು ಕೂತಿದ್ದೇನೆ, ಯಾಕೆಂದರೆ ಬಂದಿರುವ ಸಿಟ್ಟನ್ನು ತೀರಿಸಿಕೊಳ್ಳಲು ಈ ಮನೆಯಲ್ಲಿ ಇನ್ನೊಂದು ಜೀವವಿಲ್ಲ.

ಜಡ್ಜ್ ಸ್ಟಿಡಮ್ ನಮ್ಮ ಕೋಣೆಗೆ ಬಂದಿದ್ದ. ನಮ್ಮಲ್ಲಿ ಕೌಂಟಿಯ ಮುಖ್ಯಸ್ಥನಿಗೆ ಜಡ್ಜ್ ಎನ್ನುತ್ತೇವೆ. ಯಾರಿಗೂ ಶಿಕ್ಷೆ ಕೊಡುವ ಅಧಿಕಾರ ಅವನಿಗಿಲ್ಲ, ಆದರೂ ಇವತ್ತು ಕೊಟ್ಟ. "ಕೂತ್ಕೋ ಡೆಲ್ಫಾ" ಅಂದ. ನಾನು ಕೂತೇ ಇದ್ದೆ. ನನ್ನ ಕೆಲಸವೇ ಅದು. ಕೋರ್ಟಿನ ನೆಲಮಾಳಿಗೆಯಲ್ಲಿ ಕೂತು, 911ಕ್ಕೆ ಬಂದ ಕರೆ ಎತ್ತಿ, ಆಂಬುಲೆನ್ಸೋ ಪೊಲೀಸೋ ಬೆಂಕಿ ಗಾಡಿಯೋ, ಬೇಕಾದದ್ದನ್ನು ಕಳಿಸುವುದು.

"ಜೂನ್ ಮುಗಿದ್ಮೇಲೆ ಈ ಕೋಣೆ ನಡೆಸೋಕೆ ದುಡ್ಡಿಲ್ಲ" ಅಂದ ಜಡ್ಜ್. "ಮನೆಗೆ ತಂತಿ ಎಳೆದ ಫೋನು ಈಗ ಯಾರ ಹತ್ರ ಇದೆ ಹೇಳು? ಅದರ ಬಿಲ್ಲಲ್ಲಿ ಬರ್ತಿದ್ದ ಶುಲ್ಕದಲ್ಲೇ ನೀವಿಬ್ಬರೂ ಕೂತಿದ್ದದ್ದು."

"ಮೊಬೈಲ್ ಬಿಲ್ಲಲ್ಲೂ ತುರ್ತು ಸೇವೆ ಶುಲ್ಕ ಅಂತ ಹಿಡೀತಾರಲ್ಲ ಸ್ವಾಮಿ" ಅಂದ ಟಾಲಿವರ್. ಪಕ್ಕದ ಕುರ್ಚಿಯವನು, ಸದಾ ಏನಾದರೂ ಮೆಲ್ಲುತ್ತಿರುತ್ತಾನೆ.

"ಹಿಡೀತಾರೆ. ಅದು ರಾಜ್ಯಕ್ಕೆ ಹೋಗುತ್ತೆ. ಯಾವ ಕೌಂಟೀಲಿ ಎಷ್ಟು ಮೊಬೈಲಿದೆ ಅಂತ ಲೆಕ್ಕ ಹಾಕಿ ರಾಜ್ಯ ಹಂಚುತ್ತೆ. ನಮ್ಮ ಟ್ಯಾಕೆಟ್ ಕೌಂಟೀಲಿ ಮೊಬೈಲಿರೋರು ತೀರಾ ಕಮ್ಮಿ."

"ಕಮ್ಮಿನಾ? ನಮ್ಮತ್ತೆ ಕೋಳಿಗೂಡಿಗೆ ಹೋಗ್ವಾಗ್ಲೂ ಮೊಬೈಲ್ ಹಿಡ್ಕೊಂಡೇ ಹೋಗ್ತಾರೆ."

ಜಡ್ಜ್ ಭುಜ ಕುಣಿಸಿದ. ಜುಲೈನಿಂದ ನಮ್ಮ ಕರೆಗಳೆಲ್ಲ ಬೆಟ್ಟದಾಚೆ ನಗರದ ಕೇಂದ್ರಕ್ಕೆ ಹೋಗುತ್ತವಂತೆ. ಇದೇ ತಿಂಗಳು ಒಂದು ವಾರ ಪರೀಕ್ಷೆಯಂತೆ.

ಅಕ್ಕ ಲುರೀನ್ ದೂರದ ಡೇಟನ್ ನಗರದಿಂದ ಕರೆಯುತ್ತಲೇ ಇದ್ದಾಳೆ. "ಬಂದ್ಬಿಡು, ಕೆಂಟಕಿ ಬೆಟ್ಟದಲ್ಲಿ ನಿನಗೇನಿದೆ ಮಣ್ಣು" ಅನ್ನುತ್ತಾಳೆ. ಜೂನ್ ಆದ ಮೇಲೆ ಹೋಗಿಬಿಡುವುದು. ಯಾರನ್ನು ಬಿಟ್ಟು ಹೋಗಬೇಕಾಗಿದೆ ಇಲ್ಲಿ?

ಮಾರ್ಚ್ 7, ಶುಕ್ರವಾರ

ದಿನಸಿ ಅಂಗಡಿಯಲ್ಲಿ ಒಬ್ಬಳು ನನ್ನ ದನಿ ಗುರುತು ಹಿಡಿದಳು. ನಾನು ಹಿಟ್ಟಿನ ಬೆಲೆ ಕೇಳಿದೆ ಅಷ್ಟೇ. ಅವಳು ತಿರುಗಿ ನೋಡಿ, ಮುಖ ಬಿಳುಚಿಕೊಂಡು, ಗಾಡಿ ತಳ್ಳಿಕೊಂಡು ಹೋಗಿಬಿಟ್ಟಳು. ಅವಳ ಗಂಡ ಉಸಿರು ನಿಲ್ಲಿಸಿದ ಬೆಳಿಗ್ಗೆ ಫೋನಿನಲ್ಲಿದ್ದವಳು ನಾನು. ತಪ್ಪು ಅವಳದಲ್ಲ. ನನ್ನ ದನಿ ಯಾರಿಗೆ ಬೇಕು? ಅದು ಕೇಳಿದ್ದು ಅವರವರ ಅತ್ಯಂತ ಕೆಟ್ಟ ದಿನದಲ್ಲಿ.

ಅದಕ್ಕೇ ನಾನು ಊಟವನ್ನು ಕಾರಿನೊಳಗೆ ಕೂತು ಮಾಡುತ್ತೇನೆ, ಕಿಟಕಿ ಏರಿಸಿಕೊಂಡು. ಯಾರ ಮನೆಗೂ ಹೋಗುವವಳಲ್ಲ. ಜನ ನನಗೆ ದನಿಯಾಗಿದ್ದರೆ ಸಾಕು.

ಮಾರ್ಚ್ 9, ಭಾನುವಾರ

ಅಣ್ಣ ಆರ್ಬಿಗೆ ಬೀನ್ಸ್ ಸಾರು ಕೊಟ್ಟು ಬಂದೆ. ಶುಗರ್ ಬ್ರಾಂಚ್ ಕಣಿವೆಯ ಕೊನೆಯ ಮನೆ, ನಾವು ಮೂವರೂ ಹುಟ್ಟಿದ ಮನೆ. ಮೂಗಿಗೆ ಆಮ್ಲಜನಕದ ನಳಿಗೆ, ಕೈಯಲ್ಲಿ ರಿಮೋಟು, ಬಾಯಲ್ಲಿ ಬೈಗುಳ. ಗಣಿಯ ಧೂಳು ಅವನ ಶ್ವಾಸಕೋಶವನ್ನು ತಿಂದಿದೆ, ನಾಲಿಗೆಯನ್ನು ಮುಟ್ಟಿಲ್ಲ.

ಚಳಿಗಾಲದಲ್ಲಿ ಉಸಿರು ಕಟ್ಟಿ 911ಕ್ಕೆ ಕರೆ ಮಾಡಿದ್ದ. ನಿಯಮದಂತೆ ನಾನು ವಿಳಾಸ ಕೇಳಿದೆ. "ನೀನು ಹುಟ್ಟಿದ ಮನೆ ಕಣೆ, ಗೊತ್ತಿಲ್ವಾ?" ಅಂದಿದ್ದ, ಏದುಸಿರಿನಲ್ಲೂ. ಆಂಬುಲೆನ್ಸಿನವರಿಗೆ ನಾನೇ ದಾರಿ ಹೇಳಿದೆ.

"ನಾನಿಲ್ದಿದ್ರೆ ಯಾರು ಹೇಳ್ತಿದ್ರು? ಕೌಂಟಿಯವರು ಕೊಟ್ಟ ನಂಬರ್ ಫಲಕ ಏನು ಮಾಡ್ದೆ?" ಅಂದೆ.

"ಕೋಳಿಗೂಡಲ್ಲಿದೆ. ಹೆಗ್ಗಣ ತೂತು ಕೊರೆದಿತ್ತು, ಅದಕ್ಕೆ ಹೊಡೆದೆ. ಸರಿಯಾಗಿ ಕೂತಿದೆ."

ಹೋಗಿ ನೋಡಿದೆ. ಹಸಿರು ಫಲಕ, 118 ಎಂದು ಬಿಳಿ ಅಂಕಿ, ತಲೆಕೆಳಗಾಗಿ. "ಮನೆಗೆ ನಂಬರ್ ಹಾಕೋದು ಸಾಲ ವಸೂಲಿಯವ್ರಿಗೆ ದಾರಿ ತೋರ್ಸೋಕೆ. ಬೇಕಾದವ್ರಿಗೆ ನನ್ ಮನೆ ಗೊತ್ತು" ಅಂದ. ಈ ಕಣಿವೆಯಲ್ಲಿ ಎಲ್ಲರದ್ದೂ ಇದೇ ಮಾತು. ನಂಬರ್ ಫಲಕದಲ್ಲಿ ಬಾಣಲೆ ಮುಚ್ಚುವವರಿದ್ದಾರೆ.

ಮಾರ್ಚ್ 19, ಬುಧವಾರ

ಪರೀಕ್ಷೆಯ ವಾರ. ಕರೆಗಳು ನಗರಕ್ಕೆ ಹೋಗುತ್ತಿವೆ, ನಾನೂ ಟಾಲಿವರ್ರೂ ಸುಮ್ಮನೆ ಕೂತು ಆಲಿಸಬೇಕು, ಬಾಯಿ ಹಾಕುವಂತಿಲ್ಲ. ಅಡುಗೆಮನೆಯಲ್ಲಿ ಬೇರೆಯವರು ಹಾಲು ಉಕ್ಕಿಸುವುದನ್ನು ಕೈಕಟ್ಟಿ ನೋಡಿದ ಹಾಗೆ.

ಬೆಳಿಗ್ಗೆ ಐಸಿ ನೇಪಿಯರ್ ಕರೆ ಮಾಡಿದಳು. ಊರಿಗೆಲ್ಲ ಐಸಿ ಅತ್ತೆ. ಈರುಳ್ಳಿ ಪಾತಿಯಲ್ಲಿ ಬಿದ್ದಿದ್ದಾಳೆ, ಏಳಲಾಗುತ್ತಿಲ್ಲ.

ನಗರದ ಹುಡುಗಿ ಮೆತ್ತಗೆ ಕೇಳಿದಳು, "ಮನೆ ನಂಬರ್ ಏನಮ್ಮ?"

"ನಂಬರ್ ಯಾಕೆ ಮಗಾ? ಲಾರೆಲ್ ಫೋರ್ಕ್. ಸುಟ್ಟುಹೋದ ಸ್ಕೂಲಿತ್ತಲ್ಲ, ಅಲ್ಲಿ ತಿರುಗಿದ್ರಾಯ್ತು."

ಸ್ಕೂಲು ಸುಟ್ಟದ್ದು ನಾನು ಹುಟ್ಟುವ ಮೊದಲು. ಆ ಹುಡುಗಿ ಲಾರೆಲ್ ಫೋರ್ಕ್ ಎಂದು ಹುಡುಕಿ ಆಂಬುಲೆನ್ಸ್ ಕಳಿಸಿದಳು, ಬೆಟ್ಟದಾಚೆಯ ಇನ್ನೊಂದು ಲಾರೆಲ್ ಫೋರ್ಕಿಗೆ. ಗಾಡಿ ಅತ್ತ ತಿರುಗಿತೆಂದು ತಿಳಿದಾಗ ನಾನು ನಿಯಮ ಮುರಿದು ಮುದುಕಿಯ ಜೊತೆ ಮಾತಾಡಿ ನಮ್ಮ ಗಾಡಿ ಕಳಿಸಿದೆ. ಅಷ್ಟರಲ್ಲಿ ಮುದುಕಿ ತಣ್ಣನೆಯ ಮಣ್ಣಿನಲ್ಲಿ ಎಷ್ಟೋ ಹೊತ್ತು ಮಲಗಿದ್ದಳು. ಸೊಂಟ ಮುರಿದಿದೆ. ಬದುಕುತ್ತಾಳೆ.

ಹುಡುಗಿಯನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಪಾಪ, ಅಳುತ್ತಿದ್ದಳು. ಮಧ್ಯಾಹ್ನ ಕಾರಿನಲ್ಲಿ ಊಟದ ಡಬ್ಬಿ ತೆರೆದೆ, ಸೇರಲಿಲ್ಲ.

ಮಾರ್ಚ್ 20, ಗುರುವಾರ

ಜೂನ್ ಬೇಗ ಬರಲಿ. ಇದನ್ನು ಕೇಳಿಸಿಕೊಂಡು ಕೂರಲಾರೆ.

ಮಾರ್ಚ್ 29, ಶನಿವಾರ

ಇವತ್ತು ನನಗಾದದ್ದು ಸಂತೋಷವೋ ನಾಚಿಕೆಯೋ ಗೊತ್ತಿಲ್ಲ.

ನನ್ನ ಮೊಬೈಲು ಪಾತ್ರೆ ತೊಳೆಯುವ ನೀರಿಗೆ ಬಿದ್ದು ಸತ್ತಿತ್ತು. ಹೊಸದು ಕೊಳ್ಳಲು ಹೊಳೆ ದಾಟಿ ಮಾರ್ಲೋಗೆ ಹೋದೆ. ಮಾರ್ಲೋ ನಮ್ಮ ಕೌಂಟಿಯಲ್ಲ, ಆದರೆ ಸೇತುವೆ ದಾಟಿದರೆ ಸಿಗುವ ಊರು ಅದೇ. ಫೋನ್ ಅಂಗಡಿ, ಹಲ್ಲಿನ ಡಾಕ್ಟರು, ಅಂಚೆ ಕಚೇರಿ ಎಲ್ಲ ಅಲ್ಲೇ. ನಮ್ಮ ಕಡೆಯ ಅಂಚೆ ಕಚೇರಿಗಳನ್ನು ಮುಚ್ಚಿದ ಮೇಲೆ ಮೂರು ಕಣಿವೆಯ ಜನ ಅಲ್ಲೇ ಅಂಚೆ ಪೆಟ್ಟಿಗೆ ಬಾಡಿಗೆಗೆ ಹಿಡಿದಿದ್ದೇವೆ.

ಅಂಗಡಿಯಲ್ಲಿ ಸಾಲು. ಕಣ್ಣು ಮುಚ್ಚಿ ನಿಂತಿದ್ದೆ, ಕಿವಿ ಮಾತ್ರ ತೆರೆದಿತ್ತು, ಅಭ್ಯಾಸಬಲ. ಮುಂದಿದ್ದ ಮೊದಲನೆಯ ದನಿ, ಶುಗರ್ ಬ್ರಾಂಚಿನ ಮರ ಕೊಯ್ಯುವವನದು. ಅಂಗಡಿಯವಳು ವಿಳಾಸ ಕೇಳಿದಳು. "ಅಂಚೆ ಪೆಟ್ಟಿಗೆ, ಮಾರ್ಲೋ" ಅಂದ. ಎರಡನೆಯ ದನಿ, ಕಳೆದ ವರ್ಷ ಹಾವು ಕಚ್ಚಿಸಿಕೊಂಡ ಲಾರೆಲ್ ಫೋರ್ಕಿನ ಹೆಂಗಸು. "ಮಾರ್ಲೋ" ಅಂದಳು. ಅವಳ ಹಿಂದಿನವಳೂ ಮಾರ್ಲೋ. ನನ್ನ ಸರದಿ ಬಂತು. ಅಂಗಡಿಯವಳು ಕೇಳಿದಳು, ನಾನು ಬಾಯಿ ತೆರೆದೆ, "ಮಾರ್..." ಎಂದು ಅಲ್ಲೇ ನಿಂತೆ.

ಅಯ್ಯೋ ದೇವರೇ. ನಮ್ಮಲ್ಲಿ ಮೊಬೈಲು ಕಮ್ಮಿ ಇಲ್ಲ. ನಾವೆಲ್ಲ ರಾಜ್ಯದ ಲೆಕ್ಕದಲ್ಲಿ ಹೊಳೆಯಾಚೆ ವಾಸವಾಗಿದ್ದೇವೆ. ನಾವು ಕಟ್ಟಿದ ಶುಲ್ಕ ವರ್ಷಗಟ್ಟಲೆ ಪಕ್ಕದ ಕೌಂಟಿಯ ಆಂಬುಲೆನ್ಸನ್ನು ಓಡಿಸುತ್ತಿದೆ.

"ಏನಾಯ್ತಮ್ಮ?" ಅಂದಳು ಅಂಗಡಿಯವಳು.

"ನಾನು ಇಲ್ಲಿಯವಳಲ್ಲ" ಅಂದೆ. ಅವಳು ನಕ್ಕಳು, "ಅದು ನಿಮ್ಮ ಮಾತಲ್ಲೇ ಗೊತ್ತಾಗುತ್ತೆ ಬಿಡಿ."

ಮಾರ್ಚ್ 31, ಸೋಮವಾರ

ಜಡ್ಜ್ ನನ್ನ ಮಾತು ಮುಗಿಯುವವರೆಗೆ ಕೇಳಿ, ಟೋಪಿ ತೆಗೆದು ಮೇಜಿನ ಮೇಲಿಟ್ಟ. "ನನ್ ಫೋನೂ ಮಾರ್ಲೋದ್ದೇ ಡೆಲ್ಫಾ" ಅಂದ ಮೆಲ್ಲಗೆ. ಮೂವರೂ ನಕ್ಕೆವು. ಟಾಲಿವರ್ ಬಿಸ್ಕತ್ತು ಗಂಟಲಿಗೆ ಸಿಕ್ಕಿಸಿಕೊಂಡ.

ಜಡ್ಜ್ ರಾಜಧಾನಿಗೆ ಫೋನ್ ಮಾಡಿ ಕೇಳಿದ. ಕಾಗದ ಎಲ್ಲಿಗಾದರೂ ಬರಲಿ, ಫೋನು ಬಳಸುವ ಮನೆ ಎಲ್ಲಿದೆ ಎಂದು ಕಂಪನಿಗೆ ಹೇಳಿದರೆ ಸಾಕಂತೆ. ಆದರೆ ಪ್ರತಿಯೊಬ್ಬರೂ ತಾವೇ ಹೇಳಬೇಕು. ಮೇ ಕೊನೆಗೆ ಲೆಕ್ಕ ತೆಗೆಯುತ್ತಾರಂತೆ.

"ಅಲ್ಲಿವರೆಗೆ ನಾನು ಕಾಯ್ತೀನಿ" ಅಂದ ಜಡ್ಜ್. "ಆದ್ರೆ ಈ ಜನ ಮನೆ ನಂಬರ್ ಹೇಳ್ತಾರಾ? ನನ್ನ ಹೆಂಡ್ತೀನೇ ಹೇಳಲ್ಲ."

ನಾನು ಹೋಗಿ ಕೇಳಬೇಕಂತೆ. ನಾನು. ಟಾಲಿವರ್ ಜೊತೆಗೆ ಬರುತ್ತಾನಂತೆ.

ಏಪ್ರಿಲ್ 12, ಶನಿವಾರ

ಮನೆಮನೆ ಸುತ್ತಿ ಕಾಲು ಸತ್ತಿದೆ. ಬಾಗಿಲು ತೆರೆದವರಿಗಿಂತ ಪರದೆ ಎಳೆದವರು ಹೆಚ್ಚು. ಒಬ್ಬ ನಾಯಿ ಬಿಟ್ಟ. ನಾಯಿ ಟಾಲಿವರ್‌ನ ಜೇಬಿನ ಸಾಸೇಜಿಗೆ ಸೋತು ನಮ್ಮ ಜೊತೆಗೇ ಬಂತು.

"ಕೌಂಟಿಯವ್ರಿಗೆ ನನ್ ಮನೆ ಯಾಕೆ? ಟ್ಯಾಕ್ಸ್ ಏರ್ಸೋಕಾ?" ಇದೇ ಎಲ್ಲರ ಪ್ರಶ್ನೆ. ನನಗೆ ಉತ್ತರ ಹೇಳಲು ಬರುವುದಿಲ್ಲ. ನಾನು ಪ್ರಶ್ನೆ ಕೇಳಿ ಅಭ್ಯಾಸವಿರುವವಳು.

ಏಪ್ರಿಲ್ 26, ಶನಿವಾರ

ಐಸಿ ಅತ್ತೆ ಆಸ್ಪತ್ರೆಯಿಂದ ಬಂದಿದ್ದಾಳೆ, ಗಾಲಿಕುರ್ಚಿಯಲ್ಲಿ. ನೋಡಲು ಹೋದೆ, ಅಂದರೆ ಕೆಲಸದ ಮೇಲೆ ಹೋದೆ. ನನ್ನ ದನಿ ಕೇಳಿದ ಕೂಡಲೇ ಕೈ ಹಿಡಿದುಕೊಂಡಳು.

"ನೀನೇ ಅಲ್ವಾ ಕೊನೆಗೆ ಗಾಡಿ ಕಳಿಸ್ದೋಳು? ಮುಖ ತೋರ್ಸು ಇಲ್ಲಿ. ಹೂಂ. ದನಿಯಷ್ಟು ವಯಸ್ಸಾಗಿಲ್ಲ ನಿನಗೆ."

ಸ್ಟ್ಯಾಕ್ ಕೇಕ್ ತಿನ್ನಿಸದೆ ಬಿಡಲಿಲ್ಲ. ಒಣಗಿಸಿದ ಸೇಬು ಹಾಕಿ ಪದರ ಪದರವಾಗಿ ಮಾಡಿದ್ದು, ಅಮ್ಮ ಸತ್ತ ಮೇಲೆ ನಾನು ತಿಂದೇ ಇರಲಿಲ್ಲ. ಆಮೇಲೆ ಅವಳೇ ಉಪಾಯ ಹೇಳಿದಳು. "ನೀನು ಮನೆ ಬಾಗಿಲಿಗೆ ಹೋದ್ರೆ ಯಾರು ಕೇಳ್ತಾರೆ? ತುಂಡಾಗದೆ ಸಿಗ್ನಲ್ ಎಲ್ಲಿ ಸಿಗುತ್ತೆ ನಮ್ಮ ಕಣಿವೆಗಳಲ್ಲಿ? ಶುಗರ್ ಬ್ರಾಂಚ್ ಗುಡ್ಡದ ಮೇಲೆ, ಸ್ಮಶಾನದಲ್ಲಿ. ಜನ ಎಲ್ಲಾ ಅಲ್ಲಿ ಯಾವಾಗ ಸೇರ್ತಾರೆ?"

ಮೇ ತಿಂಗಳ ಕೊನೆಯ ಭಾನುವಾರ. ಸಮಾಧಿಗಳನ್ನು ಗುಡಿಸಿ, ಹೂವಿಟ್ಟು, ಅಲ್ಲೇ ಕೂತು ಉಣ್ಣುವ ದಿನ. ಹೊರ ರಾಜ್ಯಕ್ಕೆ ಹೋದವರೂ ಅವತ್ತು ಬರುತ್ತಾರೆ.

"ಸತ್ತವರ ಮುಂದೆ ಯಾರೂ ಮೊಂಡು ಮಾಡಲ್ಲ" ಅಂದಳು ಐಸಿ ಅತ್ತೆ.

ಮೇ 25, ಭಾನುವಾರ

ಮೊದಲು ಬರೆಯಬೇಕಾದದ್ದು: ಬಿಸಿಲು ಚೆನ್ನಾಗಿತ್ತು.

ಶುಗರ್ ಬ್ರಾಂಚಿನ ಗುಡ್ಡದ ಮೇಲೆ ಇಷ್ಟು ಜನ ನಾನು ಕಂಡಿಲ್ಲ. ಕಲ್ಲುಗಳ ಮೇಲೆಲ್ಲ ಹೂವು, ಮರದ ಕೆಳಗೆ ಉದ್ದದ ಮೇಜು, ಹುರಿದ ಕೋಳಿ, ಮುಸುಕಿನ ಜೋಳದ ಬ್ರೆಡ್ಡು, ಏಳೆಂಟು ಬಗೆಯ ಆಲೂಗಡ್ಡೆ. ಐಸಿ ಅತ್ತೆಯ ಗಾಲಿಕುರ್ಚಿಯನ್ನು ನಾಲ್ಕು ಗಂಡಸರು ಪಲ್ಲಕ್ಕಿಯಂತೆ ಹೊತ್ತು ತಂದರು. ಪ್ರಾರ್ಥನೆ ಮುಗಿದದ್ದೇ ಅವಳು ಶುರು ಹಚ್ಚಿಕೊಂಡಳು.

"ಈರುಳ್ಳಿ ಪಾತೀಲಿ ಬಿದ್ಕೊಂಡು ಆಕಾಶ ನೋಡ್ದೆ ನಾನು, ಗಾಡಿ ಬೇರೆ ಊರಲ್ಲಿ ನನ್ನ ಹುಡುಕ್ತಿತ್ತು. ನಾವು ಕೊಟ್ಟ ಶುಲ್ಕ ಮಾರ್ಲೋದವ್ರು ತಿಂತಿದಾರೆ. ಇನ್ನು ಡೆಲ್ಫಾ ಹೇಳ್ತಾಳೆ."

ನನಗೆ ಹೇಳದೆ ನನ್ನ ಹೆಸರು ಹೇಳಿಬಿಟ್ಟಳು. ಎದ್ದು ನಿಂತೆ. ಮುಂದೆ ಮುಖಗಳು, ಹೆಚ್ಚಿನವು ನನಗೆ ಅಪರಿಚಿತ. ಕಣ್ಣು ಮುಚ್ಚಿದೆ. ಕೆಮ್ಮು, ಪಿಸುಮಾತು, ಮಗುವನ್ನು ಗದರಿಸುವುದು, ಒಂದೊಂದೂ ಗೊತ್ತಿದ್ದ ದನಿ. ಆಗ ಮಾತು ಬಂತು.

"ನಿಮ್ಮಲ್ಲಿ ಸುಮಾರು ಜನ ನನ್ನ ಹತ್ರ ಮಾತಾಡಿದ್ದೀರಿ. ನಾನು ಮೊದ್ಲು ಕೇಳೋದು ಯಾವಾಗ್ಲೂ ಒಂದೇ, ಎಲ್ಲಿದ್ದೀರಿ ಅಂತ. ಇವತ್ತೂ ಅದನ್ನೇ ಕೇಳ್ತಿದ್ದೀನಿ. ಟ್ಯಾಕ್ಸ್ ಏರಲ್ಲ, ಹೊಸ ಶುಲ್ಕ ಇಲ್ಲ, ಅಂಚೆ ಪೆಟ್ಟಿಗೆ ಬಿಡಬೇಕಾಗಿಲ್ಲ. ಎಲ್ಲಿದ್ದೀರಿ ಅಂತ ಹೇಳಿ, ಅಷ್ಟೇ."

ದಿನಸಿ ಅಂಗಡಿಯಿಂದ ಓಡಿಹೋಗಿದ್ದವಳು ಮೊದಲು ಎದ್ದು ಬಂದಳು. "ನನ್ನ ಗಂಡನಿಗೆ ಗಾಡಿ ತಡವಾಗಿ ಬಂದದ್ದಲ್ಲ" ಅಂದಳು ಎಲ್ಲರಿಗೂ ಕೇಳುವಂತೆ, "ಬೇಗನೇ ಬಂದಿತ್ತು, ಇವಳು ಕಡೇವರೆಗೂ ಫೋನ್ ಇಟ್ಟಿರ್ಲಿಲ್ಲ." ಗಂಡನ ಕಲ್ಲಿನ ಪಕ್ಕ ಕೂತು ಕಂಪನಿಗೆ ಕರೆ ಮಾಡಿದಳು. ಆಮೇಲೆ ಸಾಲು ನಿಂತರು. ಸಮಾಧಿಗಳ ನಡುವೆ ಮಡಚುವ ಕುರ್ಚಿ ಹಾಕಿಕೊಂಡು, ಕಿವಿಗೆ ಕಂಪನಿಯ ಕಾಯಿಸುವ ಸಂಗೀತ, ಒಂದು ಕೈಯಲ್ಲಿ ಕೋಳಿಯ ಕಾಲು. ತಮ್ಮ ಮನೆ ನಂಬರು ಮರೆತವರಿಗೆ ನಾನು ಹೇಳಿಕೊಟ್ಟೆ. ಬಾಣಲೆ ಮುಚ್ಚಿದ್ದ ಫಲಕಗಳಿಗೆಲ್ಲ ಇವತ್ತು ಸ್ನಾನ.

ಆರ್ಬಿಯನ್ನು ಟಾಲಿವರ್ ಟ್ರ್ಯಾಕ್ಟರಿನಲ್ಲಿ ಕೂರಿಸಿ ತಂದಿದ್ದ. ತೀರಿಹೋದ ಹೆಂಡತಿ ಓಪಲ್ ಅತ್ತಿಗೆಯ ಕಲ್ಲಿನ ಪಕ್ಕ ಕೂತಿದ್ದ, ಮೊಬೈಲು ಮಡಿಲಲ್ಲಿ.

"ಮಾರ್ಲೋದ ಆ ಅಂಚೆ ಪೆಟ್ಟಿಗೆ ಓಪಲ್ ಆರಿಸಿದ್ದು" ಅಂದ. "ಪ್ರತಿ ಶನಿವಾರ ಅವಳೇ ಬೀಗ ತೆಗೀತಿದ್ಲು, ನನ್ನ ಕೈಗೆ ಕೊಡ್ತಿರ್ಲಿಲ್ಲ."

"ಪೆಟ್ಟಿಗೆ ಹಾಗೇ ಇರುತ್ತೆ ಅಣ್ಣ. ಮನೆ ಎಲ್ಲಿದೆ ಅಂತ ಹೇಳ್ಬೇಕು, ಅಷ್ಟೇ."

"ನೋಡ್ತೀನಿ."

"ನೋಡೋದೇನಿದೆ?"

"ನೋಡ್ತೀನಿ ಅಂದ್ನಲ್ಲ. ಆ ಆಲೂಗಡ್ಡೆ ಇತ್ತ ಕೊಡು."

ಊರೆಲ್ಲ ಹೇಳಿದರು, ಒಡಹುಟ್ಟಿದವನು ಹೇಳಲಿಲ್ಲ.

ಐಸಿ ಅತ್ತೆಯ ಕೇಕ್ ತಟ್ಟೆ ನನ್ನ ಹತ್ತಿರವೇ ಉಳಿಯಿತು. ನನ್ನದು ಹಾವು ಕಚ್ಚಿಸಿಕೊಂಡವಳ ಮನೆಗೆ ಹೋಗಿದೆ. ನಾಳೆ ತರಬೇಕು.

ಜೂನ್ 8, ಭಾನುವಾರ

ಆರ್ಬಿಯ ಕೋಳಿಗಳು ರಸ್ತೆಯಲ್ಲಿ ಓಡಾಡುತ್ತಿದ್ದವು. ಗೂಡಿಗೆ ತೂತು ಬಿದ್ದಿದೆಯಂತೆ. ಕೇಳಿದ್ದಕ್ಕೆ "ಹಳೇ ಗೂಡು" ಅಂದ. ನಾನು ಕಾರು ನಿಲ್ಲಿಸುವುದು ಹಿಂದಿನ ಅಂಗಳದಲ್ಲಿ, ಮುಂದಿನ ಬೇಲಿ ಕಡೆ ಹೋಗಲಿಲ್ಲ. ಹೊತ್ತಾಗಿತ್ತು, ಟಾಲಿವರ್‌ನ ಅತ್ತೆ ಊಟಕ್ಕೆ ಕರೆದಿದ್ದರು.

ಜೂನ್ 24, ಮಂಗಳವಾರ

ಕೋಣೆಯ ವಿಷಯಕ್ಕೆ ಕರೆದಿದ್ದ ಕೌಂಟಿಯ ಸಭೆ ಮುಗಿಯಿತು. ರಾಜ್ಯದ ಹೊಸ ಲೆಕ್ಕ ಬಂದಿದೆ. ಜಡ್ಜ್ ಎದ್ದು ನಿಂತು ಓದಿ ಹೇಳಿದ. ಬರುವ ಶುಲ್ಕದಲ್ಲಿ ಕೋಣೆ ನಡೆಯುತ್ತದೆ, ಹಳೆಯ ರೇಡಿಯೋ ಬದಲಾಗುತ್ತದೆ. ಮುಚ್ಚುವ ಮಾತು ಬಿದ್ದುಹೋಯಿತು. ಮಾರ್ಲೋದವರಿಗೆ ಬೇಸರವಾಗಿದೆಯಂತೆ. ಆಗಲಿ ಬಿಡಿ, ಅವರ ಹಲ್ಲಿನ ಡಾಕ್ಟರಿಗೆ ನಾವು ಕೊಡುವುದು ಕೊಡುತ್ತಲೇ ಇದ್ದೇವೆ.

ಟಾಲಿವರ್ ನನ್ನನ್ನು ಎತ್ತಿ ಸುತ್ತಿಸಿದ. ಈ ವಯಸ್ಸಿನಲ್ಲಿ.

ಜುಲೈ 9, ಬುಧವಾರ

ಮಧ್ಯಾಹ್ನ ಊಟ ಮಾಡುತ್ತಿದ್ದೆವು, ಮೇಜಿನ ಸುತ್ತ ನಾನು, ಟಾಲಿವರ್, ಮೇಲಿನ ಕಚೇರಿಯ ಇಬ್ಬರು. ಫೋನ್ ಬಂತು.

"911. ಎಲ್ಲಿದ್ದೀರಿ?"

ಉಸಿರಿನ ಸದ್ದು ಮೊದಲು ಬಂತು, ಎಲ್ಲಿದ್ದರೂ ಗುರುತಿಸುವ ಉಸಿರು. ಹುಟ್ಟಿದ ಮನೆಯ ಮಾತಿಗೆ ಕಾದೆ. ಅದು ಬರಲಿಲ್ಲ.

"ನೂರ ಹದಿನೆಂಟು" ಅಂದ ಆರ್ಬಿ. "ಶುಗರ್ ಬ್ರಾಂಚ್ ರಸ್ತೆ. ಬೇಲಿ ಕಂಬದ ಮೇಲೆ ನಂಬರಿದೆ. ಬೇಗ ಕಳ್ಸಮ್ಮ."

ನನ್ನ ಕೈ ಅದರ ಪಾಡಿಗೆ ಅದು ಕೆಲಸ ಮಾಡಿತು. ಗಾಡಿ ಹೊರಟಿದೆ, ಬಾಗಿಲ ಚಿಲಕ ತೆಗೆಯಿರಿ, ಕೂತೇ ಇರಿ, ನಾನು ಇಲ್ಲೇ ಇದ್ದೇನೆ. ಅಪರಿಚಿತರಿಗೆ ಹೇಳುವುದನ್ನೆಲ್ಲ ಅಣ್ಣನಿಗೆ ಹೇಳಿದೆ, ನೀವು ಎಂದೇ. ಕಣ್ಣೀರು ಕೀಲಿಮಣೆಯ ಮೇಲೆ ಬೀಳುತ್ತಿತ್ತು, ಟಾಲಿವರ್ ಕರವಸ್ತ್ರ ಇಟ್ಟು ಒರೆಸುತ್ತಿದ್ದ. ಗಾಡಿಯ ಚಾಲಕ ಈ ತಿಂಗಳು ಸೇರಿದವನು, ಕಣಿವೆ ಗೊತ್ತಿಲ್ಲದವನು. ನನ್ನನ್ನು ಒಂದು ಮಾತೂ ಕೇಳದೆ ನೇರ ಅಂಗಳಕ್ಕೆ ಹೋದ.

ಜುಲೈ 12, ಶನಿವಾರ

ಆರ್ಬಿ ಆಸ್ಪತ್ರೆಯಲ್ಲಿ ನರ್ಸನ್ನು ಬೈಯುತ್ತಿದ್ದಾನೆ, ಅಂದರೆ ಚೆನ್ನಾಗಿದ್ದಾನೆ. ಸೋಮವಾರ ಮನೆಗೆ ಕಳಿಸುತ್ತಾರೆ.

"ಯಾವಾಗ ಹೇಳ್ದೆ ಕಂಪನಿಗೆ?" ಅಂದೆ.

"ಅವತ್ತೇ. ನೀನು ಕೇಕ್ ತಿಂತಿದ್ದೆ. ಸುಮ್ನೆ ತಲೆ ತಿನ್ಬೇಡ, ಹೋಗಿ ಕೋಳಿ ಹಿಡಿ."

ಕೋಳಿ ಹಿಡಿಯಲು ಮರ ಕೊಯ್ಯುವವನೂ ಅವನ ಹೆಂಡತಿಯೂ ಬಂದರು, ದಿನಸಿ ಅಂಗಡಿಯಲ್ಲಿ ನನ್ನ ದನಿ ಕೇಳಿ ಓಡಿಹೋಗಿದ್ದವಳು ಬಂದಳು, ಟಾಲಿವರ್ ಬಂದು ಬೇಲಿಗೊರಗಿ ಸಲಹೆ ಕೊಟ್ಟ. ಫಲಕ ಕಂಬದ ಮೇಲೆ ನೆಟ್ಟಗೆ ಕೂತಿದೆ, ತೊಳೆದು ಹೊಡೆದಿದ್ದಾನೆ.

ನಡುವೆ ಲುರೀನ್ ಫೋನ್ ಮಾಡಿದಳು. "ಜುಲೈ ಬಂತಲ್ಲೇ, ಯಾವಾಗ ಬರ್ತೀಯ?" ಅಂದಳು. "ಎಲ್ಲಿಗೆ?" ಅಂದೆ. ಕಂಕುಳಲ್ಲಿ ಕೋಳಿ ಇತ್ತು, ಅವಳು ಏನು ಹೇಳಿದಳೋ ಸರಿಯಾಗಿ ಕೇಳಿಸಲಿಲ್ಲ.

ಗೂಡಿನ ತೂತಿಗೆ ಏನು ಹೊಡೆಯುವುದೆಂದು ಹುಡುಕಿದೆವು. ತಗಡಿಲ್ಲ, ಹಲಗೆಯಿಲ್ಲ. ಕೊನೆಗೆ ನನ್ನ ಚೀಲದಲ್ಲಿದ್ದ ಈ ಡೈರಿಯ ರಟ್ಟನ್ನು ಕಿತ್ತು ಹೊಡೆದೆ. ಅಳತೆ ಸರಿಹೋಯಿತು. ಶವಸಂಸ್ಕಾರದವರ ಫೋನ್ ನಂಬರು ಈಗ ಕೋಳಿಗಳ ಕಡೆ ಮುಖ ಮಾಡಿದೆ. ನಮಗೆ ಸದ್ಯಕ್ಕೆ ಅದು ಬೇಡ.